ಕಾಡಿಲಿಯ ಋಣ

ಕ್ರಿಯೆಗೆ ಪುಣ್ಯಪಾಪಗಳುಂಟು, ಅರಿವಿಗೆ ಅವು ಇಲ್ಲ ಎಂಬ ಭಾವನೆ ವಿದ್ಯಾವಂತರಲ್ಲಿ ಆಳವಾಗಿ ಬೇರೂರಿದೆ. ಕೊಡಲಿ ಹಿಡಿದು ಮರ ಕಡಿದವನನ್ನು ನಾವು ಪ್ರಶ್ನಿಸುತ್ತೇವೆ. ಬಿದ್ದ ಮರದ ಉಂಗುರಗಳನ್ನೆಣಿಸಿ ಅದರ ವಯಸ್ಸನ್ನು ಹೇಳಿದವನನ್ನು ಜ್ಞಾನಿಯೆಂದು ಗೌರವಿಸುತ್ತೇವೆ. ಆದರೆ ಅರಿವು ಆಕಾಶದಿಂದ ಉದುರುವುದಿಲ್ಲ. ಅದಕ್ಕೆ ಕೈ ಬೇಕು, ಕಣ್ಣು ಬೇಕು, ಉಪಕರಣ ಬೇಕು. ಕೆಲವು ವೇಳೆ ಇನ್ನೊಂದು ಜೀವದ ಮೈಯೇ ಬೇಕು. ಹಾಗೆ ಪಡೆದ ಅರಿವು ನಿರ್ಲಿಪ್ತವಾಗಿ ಉಳಿಯಬಲ್ಲುದೇ? ಪಡೆದವನ ಮೇಲೆ ಅದು ಯಾವ ಹೊಣೆಯನ್ನೂ ಹೊರಿಸುವುದಿಲ್ಲವೇ? ಈ ಪ್ರಶ್ನೆಯನ್ನು ತತ್ತ್ವದ ಎತ್ತರದಲ್ಲಿ ನಿಂತು ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ವಿಚಾರಿಸುವುದು ಲೇಸು. ಮನುಷ್ಯನಿಗೆ ತಗುಲಬಲ್ಲ ವೈರಾಣುಗಳು ಕಾಡಿನ ಇಲಿ ಹೆಗ್ಗಣಗಳಲ್ಲಿ ಇವೆಯೇ ಎಂದು ಹುಡುಕುವ ಸಮೀಕ್ಷೆ ನಾವು ಆರಿಸಿಕೊಂಡ ನಿದರ್ಶನ.

ಮಠದ ಪತ್ರಿಕೆಗೆ ಇಲಿಯ ವಿಷಯವೇಕೆ ಎಂದು ಓದುಗರು ಹುಬ್ಬೇರಿಸಬಹುದು. ಇದು ನಮಗೆ ಭಕ್ತರಿಂದಲೇ ಬಂದ ಪ್ರಶ್ನೆ. ಚಿತ್ರದುರ್ಗ ತಾಲ್ಲೂಕಿನ ತುರುವನೂರಿಗೆ ನಾವು ಹೋಗಿದ್ದಾಗ ಒಂದು ಒಕ್ಕಲು ಮನೆತನದ ತಾಯಿ ಮಗ ಬಂದು ಕುಳಿತರು. ಮಗ ಪ್ರಾಣಿಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿದವನು. ಇಂಥದೊಂದು ಸಮೀಕ್ಷೆಯಲ್ಲಿ ಕೆಲಸಕ್ಕೆ ಸೇರಲು ಹೊರಟಿದ್ದ. ತಾಯಿಗೆ ಅದು ಒಪ್ಪಿಗೆಯಾಗಿರಲಿಲ್ಲ. "ಹೊಲದ ಇಲಿ ನಮ್ಮ ಕಡಲೆಕಾಯಿ ತಿನ್ನುತ್ತದೆ, ಅದನ್ನು ನಾವೂ ಹೊಡೆಯುತ್ತೇವೆ ಬುದ್ಧಿ. ಕಾಡಿನ ಇಲಿ ಇವನಿಗೇನು ಮಾಡಿತ್ತು? ಅದರ ಪಾಡಿಗೆ ಅದು ಇತ್ತು" ಎಂದರು ಆಕೆ. ರೋಗ ಬಂದು ಜನ ಸತ್ತ ಮೇಲೆ ಹುಡುಕುವುದಕ್ಕಿಂತ ಮೊದಲೇ ತಿಳಿದಿರುವುದು ಒಳಿತಲ್ಲವೇ ಎಂದು ಮಗ ವಾದಿಸಿದ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಪ್ಪ, ತಿಳಿದು ಏನು ಮಾಡುತ್ತೀರಿ?" ಎಂದು ಕೇಳಿದರು.

ಆಕೆಯ ಮೊದಲ ಪ್ರಶ್ನೆ ಅಹಿಂಸೆಯದು. ಅದಕ್ಕೆ ಉತ್ತರ ಹೇಳುವ ಗ್ರಂಥಗಳು ಬಹಳ. ಎರಡನೆಯ ಪ್ರಶ್ನೆ ಅದಕ್ಕಿಂತ ಕಠಿನವಾದುದು. ಈ ಲೇಖನ ಆ ಎರಡನೆಯ ಪ್ರಶ್ನೆಯನ್ನು ಕುರಿತ ಮನನ.

ಮೊದಲು ಸಮೀಕ್ಷೆಯೆಂದರೇನೆಂಬುದನ್ನು ತಿಳಿಯೋಣ. ಸಂಜೆಯ ಹೊತ್ತಿಗೆ ಕಾಡಿನಲ್ಲಿ, ಹೊಲದ ಬದುವಿನಲ್ಲಿ, ಮನೆಯ ಹಿತ್ತಿಲಲ್ಲಿ ಸಾಲಾಗಿ ಬೋನುಗಳನ್ನಿಡುತ್ತಾರೆ. ಕಡಲೆಕಾಯಿ, ಕೊಬ್ಬರಿಯ ಚೂರು, ಕೆಲವು ಕಡೆ ಒಣಮೀನು ಇವು ಆಮಿಷ. ಬೆಳಗಾಗುತ್ತಲೇ, ಬಿಸಿಲೇರಿ ಬೋನಿನ ತಗಡು ಕಾಯುವುದಕ್ಕೆ ಮುನ್ನ, ಅವನ್ನೆತ್ತಿ ತರುತ್ತಾರೆ. ಸಿಕ್ಕಿದ ಪ್ರಾಣಿಗೆ ಅರಿವಳಿಕೆ ಕೊಟ್ಟು, ಅದರ ಜಾತಿ, ತೂಕ, ಬಾಲದ ಉದ್ದಗಳನ್ನು ಬರೆದುಕೊಂಡು, ರೋಮವನ್ನು ಬಾಚಿ ಉಣ್ಣೆ ಚಿಗಟಗಳನ್ನು ಆರಿಸಿ, ರಕ್ತ ತೆಗೆಯುತ್ತಾರೆ. ಹತ್ತು ಹದಿನೈದು ಗ್ರಾಂ ತೂಗುವ ಹೊಲದ ಸುಂಡಿಲಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಕಾಲು ಚಮಚಕ್ಕೆ ಮಿಗದು. ಆದುದರಿಂದ ಹನಿಯಷ್ಟು ತೆಗೆದು ಬಿಟ್ಟುಬಿಡುವುದೂ ಉಂಟು. ಗುಲ್ಮ, ಯಕೃತ್ತು, ಶ್ವಾಸಕೋಶಗಳ ತುಣುಕು ಬೇಕಾದಾಗ ಪ್ರಾಣಿಯನ್ನು ಕೊಲ್ಲುವುದೂ ಉಂಟು. ಹಿಂದಿನ ಕಾಲದಲ್ಲಿ ಆ ರಕ್ತವನ್ನು ಪ್ರಯೋಗಾಲಯದ ಹಸುಗೂಸು ಇಲಿಮರಿಗಳ ಮಿದುಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವುದನ್ನು ಕಾಯಬೇಕಾಗಿತ್ತು. ಕಾಡಿನ ಒಂದು ಇಲಿಯ ಹಿಂದೆ ಪ್ರಯೋಗಾಲಯದ ಹಲವು ಮರಿಗಳ ಜೀವವೂ ಲೆಕ್ಕಕ್ಕೆ ಸೇರುತ್ತಿತ್ತು. ಈಗ ವೈರಾಣುವಿನ ಜೀವದ್ರವ್ಯದ ತುಣುಕನ್ನೇ ಗುಣಿಸಿ ಗುರುತಿಸುವ ಪಿ.ಸಿ.ಆರ್. ಪರೀಕ್ಷೆ ಬಂದಿರುವುದರಿಂದ ಆ ಹಿಂಸೆ ಬಹಳಮಟ್ಟಿಗೆ ತಗ್ಗಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಕ್ತದಲ್ಲಿ ಪ್ರತಿಕಾಯ ದೊರೆತರೆ, ಆ ಪ್ರಾಣಿ ಎಂದೋ ಒಮ್ಮೆ ಆ ವೈರಾಣುವನ್ನು ಎದುರಿಸಿತ್ತೆಂದು ಮಾತ್ರ ಅರ್ಥ. ಅದು ಹೆಜ್ಜೆಗುರುತು, ನಡೆದುಹೋದವನಲ್ಲ. ವೈರಾಣುವೇ ದೊರೆತರೂ ಆ ಪ್ರಾಣಿಯೇ ರೋಗದ ಮೂಲವೆಂದು ಸಿದ್ಧವಾಗುವುದಿಲ್ಲ. ಅದು ತವರೋ, ದಾರಿಯಲ್ಲಿ ಸಿಕ್ಕ ಛತ್ರವೋ, ಅಥವಾ ನಮ್ಮಂತೆಯೇ ಪೆಟ್ಟು ತಿಂದ ಇನ್ನೊಂದು ಜೀವವೋ ಎಂಬುದನ್ನು ತೀರ್ಮಾನಿಸಲು ವರುಷಗಳ ತಾಳ್ಮೆ ಬೇಕು. ಸಮೀಕ್ಷೆ ಮಾಡುವವನಿಗೆ ಬೇಕಾದ ಮೊದಲ ಗುಣ ಕಂಡುದಕ್ಕಿಂತ ಹೆಚ್ಚು ಹೇಳದಿರುವ ಸಂಯಮ.

ಇಲಿಯನ್ನು ನೋಡಿ ರೋಗವನ್ನು ಅರಿಯುವುದು ನಮ್ಮ ಜನಕ್ಕೆ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಅನಂತರದ ದಶಕಗಳಲ್ಲಿ ಮೈಸೂರು ಸಂಸ್ಥಾನದ ಹಳ್ಳಿಗರು ಮನೆಯಲ್ಲಿ ಇಲಿ ಬಿದ್ದಿತೆಂದರೆ ಮಕ್ಕಳು ಮರಿ ದನ ಕರುಗಳೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಬೋನಿಲ್ಲದೆ ಸೂಜಿಯಿಲ್ಲದೆ ಅವರು ನಡೆಸಿದ ಸಮೀಕ್ಷೆ ಅದು. ಅದೇ 1898ರಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗ ನಡೆಸಿ, ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟವೆಂದು ತೋರಿಸಿದರು. ಪ್ಲೇಗಿನದು ಬ್ಯಾಕ್ಟೀರಿಯಾ, ವೈರಾಣುವಲ್ಲ. ಆದರೂ ಅದು ಕಲಿಸಿದ ಪಾಠ ಇಲ್ಲಿಗೂ ಸಲ್ಲುತ್ತದೆ. ಇಲಿ ನಮಗಿಂತ ಮೊದಲು ಸತ್ತು ನಮ್ಮನ್ನು ಎಚ್ಚರಿಸಿತು. ನಾವು ಅದನ್ನು ಶತ್ರುವೆಂದು ಕರೆದೆವು; ಅದು ನಮಗೆ ಮುಂಚೆ ಪ್ರಾಣ ಕೊಟ್ಟ ನೆರೆಯದಾಗಿತ್ತು.

ಈಗ ನಮ್ಮ ನಾಡಿನ ಮುಖ್ಯ ನಿದರ್ಶನಕ್ಕೆ ಬರೋಣ. 1957ರ ಆದಿಯಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ತೀವ್ರ ಜ್ವರ, ತಲೆನೋವು, ಮೂಗು ವಸಡುಗಳಿಂದ ರಕ್ತಸ್ರಾವ, ಜನ ಸಾಯುತ್ತಿದ್ದರು. ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಟೆಲ್‌ಫೋರ್ಡ್ ವರ್ಕ್ ಆಗ ಅದರ ನಿರ್ದೇಶಕರು. ಮಂಗಗಳ ಸಾವಿನ ಸುದ್ದಿ ಕೇಳಿದಾಗ ಅವರೆಲ್ಲರನ್ನೂ ಕಾಡಿದುದು, ಎಂದೂ ಭಾರತಕ್ಕೆ ಕಾಲಿಡದ ಹಳದಿ ಜ್ವರ ಬಂದುಬಿಟ್ಟಿತೇ ಎಂಬ ಅಂಜಿಕೆ. ಪರೀಕ್ಷಿಸಿದಾಗ ದೊರೆತುದು ಬೇರೆಯೇ. ಅದು ರಷ್ಯದ ವಸಂತ-ಗ್ರೀಷ್ಮ ಮಿದುಳುರಿತದ ವೈರಾಣುವಿನ ಬಳಗಕ್ಕೆ ಸೇರಿದ, ಉಣ್ಣೆಗಳಿಂದ ಹರಡುವ, ಲೋಕಕ್ಕೆ ಹೊಸದಾದ ವೈರಾಣು. ಸೈಬೀರಿಯದ ನಂಟು ಮಲೆನಾಡಿಗೆ ಹೇಗೆ ಬಂದಿತು, ವಲಸೆ ಹಕ್ಕಿಗಳು ತಂದವೇ ಎಂಬ ಊಹೆಯೂ ಹುಟ್ಟಿತು.

ಸಾಗರದಲ್ಲಿ ಕ್ಷೇತ್ರಕೇಂದ್ರ ತೆರೆದು ವರುಷಗಟ್ಟಲೆ ಕಾಡನ್ನು ಶೋಧಿಸಿದರು. ಟಿ. ರಾಮಚಂದ್ರರಾವ್, ಹೆರಾಲ್ಡ್ ಟ್ರಾಪಿಡೊ, ಪಿ.ಕೆ. ರಾಜಗೋಪಾಲನ್ ಮುಂತಾದವರು ಅದರಲ್ಲಿ ದುಡಿದರು. ಕೊಲಂಬಿಯದ ಕಾಡುಗಳಲ್ಲಿ ಹಳದಿ ಜ್ವರವನ್ನು ಅಭ್ಯಸಿಸಿದ್ದ ಹೋರ್ಹೆ ಬೊಶೆಲ್ ಅವರೂ ಬಂದು ಸೇರಿದರು. ಮಂಗ, ದನ, ಹಕ್ಕಿ, ಬಾವಲಿ, ಅಳಿಲು, ಇಲಿ ಎಲ್ಲವನ್ನೂ ಪರೀಕ್ಷಿಸಿದರು. ಬಿಳಿಬಾಲದ ಕಾಡಿಲಿ, ಕಪ್ಪಿಲಿಯ ಕಾಡುಬಳಗ, ಹೆಸರಿನಲ್ಲಿ ಮಾತ್ರ ಇಲಿಯಾದ ಮೂಗಿಲಿ ಇವುಗಳಲ್ಲಿ ವೈರಾಣು ದೊರೆಯಿತು. ಇಷ್ಟನ್ನೇ ಕೇಳಿದವನು, "ಸರಿ, ಕಳ್ಳ ಸಿಕ್ಕಿದ, ಇಲಿಯನ್ನು ಕೊಂದರೆ ಮುಗಿಯಿತು" ಎನ್ನಬಹುದು. ಆದರೆ ಆ ವಿಜ್ಞಾನಿಗಳು ಅಲ್ಲಿ ನಿಲ್ಲಲಿಲ್ಲ. ನಿಂತಿದ್ದರೆ ಅವರ ಶ್ರಮ ಅನ್ಯಾಯಕ್ಕೆ ಸಾಧನವಾಗುತ್ತಿತ್ತು.

ಅವರು ಕಂಡುಕೊಂಡುದು ಒಂದು ಸರಪಳಿ. ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣ್ಣೆ ತನ್ನ ಬಾಳಿನಲ್ಲಿ ಮೂರು ಬಾರಿ ರಕ್ತದ ಊಟ ಮಾಡುತ್ತದೆ. ಎಳೆಯ ಮರಿಯಾಗಿದ್ದಾಗ ಇಲಿ, ಮೂಗಿಲಿ, ನೆಲದಲ್ಲಿ ಮೇಯುವ ಹಕ್ಕಿಗಳ ಮೇಲೆ ಹತ್ತುತ್ತದೆ. ನಡುವಯಸ್ಸಿನಲ್ಲಿ ಅವುಗಳ ಜೊತೆಗೆ ಮಂಗನನ್ನೂ ಮನುಷ್ಯನನ್ನೂ ಹಿಡಿಯುತ್ತದೆ. ಮಳೆಗಾಲ ಕಳೆದು ಬೇಸಗೆ ಮುಗಿಯುವವರೆಗೆ ಕಾಡಿಗೆ ಸೌದೆ ದರಗುಗಳಿಗೆಂದು ಹೋಗುವವರಿಗೆ ಅಂಟುವುದು ಈ ಕಣ್ಣಿಗೆ ಕಾಣದಷ್ಟು ಸಣ್ಣ ಉಣ್ಣೆಯೇ. ಪ್ರಾಯಕ್ಕೆ ಬಂದಾಗ ಅದಕ್ಕೆ ಬೇಕಾದುದು ದೊಡ್ಡ ಪ್ರಾಣಿ, ಮುಖ್ಯವಾಗಿ ನಮ್ಮ ದನ. ಇಲಿ ವೈರಾಣುವನ್ನು ಹೊತ್ತರೂ ಬಹುಮಟ್ಟಿಗೆ ಕಾಯಿಲೆ ಬೀಳದು. ಮಂಗ ಹೊತ್ತು ಸಾಯುತ್ತದೆ. ಸಾಯುವಾಗ ಅದರ ಮೈಯಿಂದ ಕಳಚಿ ಬಿದ್ದ ಉಣ್ಣೆಗಳು ಆ ನೆಲವನ್ನೇ ರೋಗದ ತಾಣವಾಗಿಸುತ್ತವೆ. ದನಕ್ಕೆ ರೋಗವಿಲ್ಲ, ಆದರೆ ಕಾಡಿನಲ್ಲಿ ಮೇಯ್ದು ಉಣ್ಣೆಯ ಸಂತತಿಯನ್ನು ಸಾಕುವುದು ಅದೇ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡದು; ಸರಪಳಿಯ ಕೊನೆಯ ಕೊಂಡಿಯಲ್ಲಿ ನಾವಿದ್ದೇವೆ. ಹಾಗಾದರೆ ದೋಷಿ ಯಾರು? 1969ರಲ್ಲಿ ಪ್ರಕಟವಾದ ಲೇಖನದಲ್ಲಿ ಬೊಶೆಲ್ ಅವರು, ಜನ ಹೆಚ್ಚಿ ಕಾಡು ಕಡಿದು ಗದ್ದೆ ಮಾಡಿದುದು, ದನಗಳನ್ನು ಕಾಡಿಗೆ ಹೊಡೆದುದು, ಇವುಗಳಿಂದ ಕಾಡಿನ ಹಳೆಯ ಸಮತೋಲ ಕದಡಿದುದರ ಕಡೆಗೆ ಬೊಟ್ಟು ಮಾಡಿದರು. ಇಲಿಯನ್ನು ಹುಡುಕಿಕೊಂಡು ಹೋದ ಅರಿವು ಮನುಷ್ಯನ ಕೊಡಲಿಯ ಬಳಿಗೆ ಬಂದು ನಿಂತಿತು.

ಆದರೂ ಜನ ಈ ರೋಗಕ್ಕೆ ಇಟ್ಟ ಹೆಸರು ಮಂಗನ ಕಾಯಿಲೆ. ಸತ್ತು ಎಚ್ಚರಿಸಿದವನ ತಲೆಗೆ ಅಪರಾಧದ ಪಟ್ಟ! ಇನ್ನು ಶಾಸ್ತ್ರಜ್ಞರು ಇಟ್ಟ ಹೆಸರಾದರೋ ಸೊರಬದ ಒಂದು ಕಾಡನ್ನು ಲೋಕದ ವೈದ್ಯಗ್ರಂಥಗಳಲ್ಲೆಲ್ಲ ರೋಗದೊಡನೆ ಶಾಶ್ವತವಾಗಿ ಬೆಸೆಯಿತು. ಹೆಸರಿಡುವುದೂ ಒಂದು ಕ್ರಿಯೆ, ಅದಕ್ಕೂ ಫಲವುಂಟು. 1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಆರೋಗ್ಯವಂತ ತರುಣರು ಉಸಿರು ಕಟ್ಟಿ ಸಾಯತೊಡಗಿದಾಗ, ಕಾರಣ ಅಲ್ಲಿನ ಜಿಂಕೆಬಣ್ಣದ ಕಾಡು ಸುಂಡಿಲಿಯಲ್ಲಿದ್ದ ಹ್ಯಾಂಟಾ ವೈರಾಣುವೆಂದು ಇಲಿಗಳ ಸಮೀಕ್ಷೆಯಿಂದಲೇ ಗೊತ್ತಾಯಿತು. ಮೊದಲು ಸತ್ತವರಲ್ಲಿ ನವಾಹೋ ಬುಡಕಟ್ಟಿನವರಿದ್ದುದರಿಂದ ಹೊರಗಿನವರು ಆ ಜನರನ್ನೇ ದೂರವಿಟ್ಟರು. ವೈರಾಣುವಿಗೆ ತಮ್ಮ ನೆಲದ ಹೆಸರನ್ನಿಡಬಾರದೆಂದು ಅವರು ಪ್ರತಿಭಟಿಸಿದರು. ಕಡೆಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ಹೆಸರಿಲ್ಲದ್ದು' ಎಂಬರ್ಥದ 'ಸಿನ್ ನೋಂಬ್ರೆ' ಎಂಬುದೇ ಅದರ ಹೆಸರಾಯಿತು. ಹೊಸ ರೋಗಗಳಿಗೆ ಊರು, ಜನ, ಪ್ರಾಣಿಗಳ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಅಷ್ಟು ವಿವೇಕ ಮೂಡಲು ಕ್ಯಾಸನೂರಿನಿಂದ ಆರು ದಶಕಗಳೇ ಬೇಕಾದವು.

ಇಷ್ಟನ್ನು ಮನಗಂಡು ಆ ತಾಯಿಯ ಮೊದಲ ಪ್ರಶ್ನೆಗೆ ಬರೋಣ. ತಪ್ಪು ಮಾಡದ ಜೀವವನ್ನು ಅರಿವಿಗಾಗಿ ಕೊಲ್ಲಬಹುದೇ? ಸಾವಿರ ಜನ ಉಳಿಯುವುದಾದರೆ ನೂರು ಇಲಿ ಸತ್ತರೇನು ಎಂಬ ಲೆಕ್ಕದ ಉತ್ತರ ನಮಗೆ ರುಚಿಸದು. ಆ ಲೆಕ್ಕವನ್ನು ಒಮ್ಮೆ ಒಪ್ಪಿದರೆ ನೂರರ ಮುಂದೆ ಸೊನ್ನೆ ಸೇರಿಸುತ್ತ ಹೋಗಲು ಅಡ್ಡಿಯಿಲ್ಲ. ಇಲಿಯ ಸ್ಥಾನದಲ್ಲಿ ಬಡವನನ್ನು ಇಡಲೂ ಅಡ್ಡಿಯಿಲ್ಲ. ಇನ್ನೊಂದು ತುದಿಯಲ್ಲಿ, ಯಾವ ಜೀವವನ್ನೂ ಮುಟ್ಟಲಾರೆನೆಂದು ಕಣ್ಣು ಮುಚ್ಚಿ ಕುಳಿತು, ಸೌದೆಗೆ ಹೋದ ಹೆಣ್ಣುಮಗಳು ಜ್ವರ ಬಂದು ಸಾಯುವುದನ್ನು ವಿಧಿಯೆನ್ನುವುದೂ ದಯೆಯಲ್ಲ. ಕಾಣಬಲ್ಲವನು ಕಾಣದಿರುವುದು ಅಹಿಂಸೆಯಾಗದು, ಅದು ಆಲಸ್ಯಕ್ಕೆ ತೊಡಿಸಿದ ಕಾವಿ.

ನಡುವಣ ದಾರಿ ಋಣದ ದಾರಿ. ಹಿಂಸೆಯನ್ನು ಹಿಂಸೆಯೆಂದೇ ಒಪ್ಪಿಕೊಂಡು, ಅನಿವಾರ್ಯವಾದಷ್ಟನ್ನೇ ಮಾಡಿ, ಮಾಡಿದುದರ ಸಾಲವನ್ನು ಹೊತ್ತು ತೀರಿಸುವುದು. ರಕ್ತದ ಹನಿಯಿಂದ ತಿಳಿಯಬಹುದಾದ ಕಡೆ ಕೊಂದರೆ ಅದು ಪಾಪ. ಹತ್ತು ಪ್ರಾಣಿ ಸಾಕಾದ ಕಡೆ ನೂರನ್ನು ಹಿಡಿದರೆ ಅದೂ ಪಾಪ. ಮರಿಗೆ ಹಾಲೂಡುವ ತಾಯಿ ಬೋನಿಗೆ ಬಿದ್ದರೆ ಬಿಡಬಹುದಾದ ಕಡೆ ಬಿಡಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯಿದೆ, ಅದರಡಿಯ ಸಮಿತಿಗಳು ಪ್ರಯೋಗಗಳಿಗೆ ಕಟ್ಟುಪಾಡು ಹಾಕಿವೆ, ಅದು ಸರಿಯೇ. ಆದರೆ ಕಾಯಿದೆಯನ್ನೇ ನಂಬಿ ಕೂರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಲಿ ಸುಂಡಿಲಿಗಳನ್ನು ಕಾಗೆ ಬಾವಲಿಗಳೊಡನೆ ಪೀಡಕ ಪ್ರಾಣಿಗಳ ಅನುಸೂಚಿಯಲ್ಲಿರಿಸಿ ರಕ್ಷಣೆಯ ಹೊರಗಿಟ್ಟಿತ್ತು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ಕೈಬಿಟ್ಟಿತು. ಐವತ್ತು ವರುಷ ಅಪರಾಧವಲ್ಲದುದು ಆ ಐವತ್ತು ವರುಷವೂ ಧರ್ಮವಾಗಿತ್ತೆಂದು ಯಾರೂ ಹೇಳಲಾರರು.

ಇಲ್ಲಿ ವಿವೇಕಕ್ಕೆ ಇನ್ನೊಂದು ಕೆಲಸವಿದೆ. ಬೊಲಿವಿಯ ದೇಶದ ಸಾನ್ ಹೊವಾಕಿನ್ ಎಂಬ ಊರಿನಲ್ಲಿ 1960ರ ದಶಕದ ಆದಿಯಲ್ಲಿ ರಕ್ತಸ್ರಾವದ ಜ್ವರವೊಂದು ಮನೆಮನೆಗೆ ನುಗ್ಗಿ ಜನರನ್ನು ಕೊಂದಿತು. ಹೊಲ ಬಿಟ್ಟು ಮನೆ ಸೇರಿದ್ದ ಒಂದು ಬಗೆಯ ಇಲಿ ಅದನ್ನು ಹೊತ್ತಿದೆಯೆಂದು ಸಮೀಕ್ಷೆಯಿಂದ ತಿಳಿದು, 1964ರಲ್ಲಿ ಮನೆಗಳಲ್ಲಿ ಬೋನಿಟ್ಟು ಹಿಡಿದ ಕೂಡಲೇ ರೋಗ ನಿಂತಿತು. ಅಲ್ಲಿ ಇಲಿ ಮನೆಯೊಳಗೆ ಬಂದಿತ್ತು, ಮನೆಯಿಂದ ತೆಗೆದುದು ಸರಿ. ಆದರೆ ಕ್ಯಾಸನೂರಿನ ಕಾಡಿನಲ್ಲಿ ಇಲಿಯನ್ನು ಕೊಲ್ಲಹೊರಟರೆ ಕಾಡಿಗೆ ಕೊನೆಯಿಲ್ಲ, ಫಲವೂ ಇಲ್ಲ. ಅಲ್ಲಿ ಮನೆಯೊಳಗೆ ನುಗ್ಗಿದವರು ನಾವು. ಒಂದೇ ಬಗೆಯ ಅರಿವು ಒಂದು ಕಡೆ ಬೋನನ್ನು ಬೇಡಿತು, ಇನ್ನೊಂದು ಕಡೆ ಹಿಂದೆ ಸರಿಯುವುದನ್ನು ಬೇಡಿತು. ಯಾವುದು ಎಲ್ಲಿ ಎಂದು ಹೇಳಬಲ್ಲದ್ದು ಎಚ್ಚರದ ಸಮೀಕ್ಷೆಯೇ.

ಇಲಿಯ ಋಣದ ಜೊತೆಗೆ ಜನರ ಋಣವೂ ಇದೆ. ಇಂಥ ರೋಗಗಳಿಗೆ ಹತ್ತಿರವಿರುವವರು ಯಾರು? 1964ರಲ್ಲಿ ತಮಿಳುನಾಡಿನ ವೇಲೂರಿನಲ್ಲಿ ಒಂದು ಮೂಗಿಲಿಯಿಂದ ವೈರಾಣುವೊಂದನ್ನು ಬೇರ್ಪಡಿಸಿ, ಆ ಊರಿನ ಭಾಗವಾದ ತೊಟ್ಟಪಾಳ್ಯದ ಹೆಸರನ್ನು ಅದಕ್ಕೆ ಇಟ್ಟರು. ಅದು ಹ್ಯಾಂಟಾ ಬಳಗದ್ದೆಂದು ತಿಳಿದುದು ಬಹುಕಾಲದ ಮೇಲೆ, ಕೊರಿಯದ ಲೀ ಹೋ-ವಾಂಗ್ ಅವರು 1976ರಲ್ಲಿ ತಮ್ಮ ನಾಡಿನ ಪಟ್ಟೆಬೆನ್ನಿನ ಹೊಲದಿಲಿಯ ಶ್ವಾಸಕೋಶದಲ್ಲಿ ಅಂಥ ವೈರಾಣುವಿನ ಸುಳಿವನ್ನು ಕಂಡ ಅನಂತರ. ಆಮೇಲೆ ತಮಿಳುನಾಡಿನಲ್ಲಿ ಪರೀಕ್ಷಿಸಿದಾಗ ಹ್ಯಾಂಟಾ ವೈರಾಣುವಿನ ಪ್ರತಿಕಾಯಗಳು ಇಲಿ ಹಿಡಿದು ಬದುಕುವ ಇರುಳರಲ್ಲಿ, ದವಸದ ಉಗ್ರಾಣಗಳಲ್ಲಿ ಮೂಟೆ ಹೊರುವವರಲ್ಲಿ ಕಂಡುಬಂದವು. ಮಲೆನಾಡಿನಲ್ಲಾದರೂ ಸೌದೆ ತರುವವಳು, ದನ ಕಾಯುವವನು, ಅಡಕೆ ತೋಟಕ್ಕೆ ಸೊಪ್ಪು ಹೊರುವವನು, ಇವರೇ ಮುಂದಿನ ಸಾಲಿನಲ್ಲಿರುವವರು. 2012ರ ಕೊನೆಯಲ್ಲಿ ಬಂಡೀಪುರದ ಸುತ್ತ ರೋಗ ಕಾಣಿಸಿದಾಗ, ಸತ್ತ ಮಂಗಗಳ ದೇಹಗಳನ್ನು ವಿಲೇವಾರಿ ಮಾಡಿದ ಅರಣ್ಯದ ಕೆಲಸಗಾರರಿಗೇ ಸೋಂಕು ತಗುಲಿತು. ಪುಣೆಯ ಪ್ರಯೋಗಾಲಯದಲ್ಲಿಯೂ ಈ ವೈರಾಣುವಿನೊಡನೆ ದುಡಿದವರಿಗೆ ಅದು ಅಂಟಿತ್ತು. ಅರಿವಿನ ಬೆಲೆಯನ್ನು ತೆತ್ತವರ ಪಟ್ಟಿಯಲ್ಲಿ ಇವರೆಲ್ಲರ ಹೆಸರಿದೆ.

"ತಿಳಿದು ಏನು ಮಾಡುತ್ತೀರಿ?" ಎಂಬ ಪ್ರಶ್ನೆ ಇಲ್ಲಿ ಎದುರು ಬಂದು ನಿಲ್ಲುತ್ತದೆ. 1960ರ ದಶಕ ಮುಗಿಯುವುದರೊಳಗೆ ಇಲಿಯಿಂದ ದನದವರೆಗಿನ ಸರಪಳಿಯ ಮುಖ್ಯ ಕೊಂಡಿಗಳು ಗೊತ್ತಾಗಿದ್ದವು; ಕಾಡು ಕಡಿದರೆ ಆಗುವುದೇನೆಂಬುದೂ ಗೊತ್ತಿತ್ತು. ಆದರೂ 1983ರ ಹೊತ್ತಿಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ತೆರವಾದ ಕಡೆ ರೋಗ ಹಿಂದೆಂದಿಗಿಂತ ಭೀಕರವಾಗಿ ಹಬ್ಬಿ, ಸಾವಿರಕ್ಕೂ ಮೇಲ್ಪಟ್ಟು ಜನ ಕಾಯಿಲೆ ಬಿದ್ದರು. 1990ರ ಸುಮಾರಿನಿಂದ ಮಲೆನಾಡಿನಲ್ಲಿ ಲಸಿಕೆ ಹಾಕಲಾಯಿತು. ಅದು ಪೂರ್ಣ ರಕ್ಷಣೆ ಕೊಡುತ್ತಿರಲಿಲ್ಲ, ಮೇಲೆ ಮೇಲೆ ಚುಚ್ಚಿಸಿಕೊಳ್ಳಬೇಕಾಗಿತ್ತು. ಕಡೆಗೆ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈ ನಡುವೆ 2013ರಿಂದ ಕೇರಳದ ವಯನಾಡು, 2015ರಲ್ಲಿ ಗೋವೆಯ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಸಹ್ಯಾದ್ರಿಯ ಉದ್ದಕ್ಕೂ ರೋಗ ತಲೆಯೆತ್ತಿತು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅನೇಕರು ಸತ್ತರು. ಕ್ಷೇತ್ರಕೇಂದ್ರವಿದ್ದುದು ಅದೇ ಸಾಗರದಲ್ಲಿ. ಕಾಡಿನ ಇಲಿಯಿಂದ ಪಡೆದ ಅರಿವು ಲೋಕದ ಗ್ರಂಥಾಲಯಗಳನ್ನೆಲ್ಲ ಮುಟ್ಟಿತು. ತಾನು ಹುಟ್ಟಿದ ತಾಲ್ಲೂಕಿನ ಮನೆಬಾಗಿಲನ್ನು ಸಕಾಲದಲ್ಲಿ ಮುಟ್ಟಲಿಲ್ಲ.

ಅಲ್ಲಿ ದುಡಿದ ಆರೋಗ್ಯ ಕಾರ್ಯಕರ್ತರ ಶ್ರಮವನ್ನು ನಾವು ಹಗುರಾಗಿ ಕಾಣುವುದಿಲ್ಲ. ಮೈಗೆ ಸವರಿಕೊಳ್ಳುವ ತೈಲವನ್ನು ಹೆಗಲ ಮೇಲೆ ಹೊತ್ತು ಮನೆಮನೆಗೆ ಹಂಚಿದವರುಂಟು. ಮಂಗ ಸತ್ತ ನೆಲಕ್ಕೆ ಹೋಗಿ ಉಣ್ಣೆನಾಶಕ ಪುಡಿ ಎರಚಿದವರುಂಟು. ನಮ್ಮ ಮಾತು ವ್ಯವಸ್ಥೆಯನ್ನು ಕುರಿತದ್ದು. ಹುಡುಕುವುದಕ್ಕೆ ದೊರೆಯುವ ಉತ್ಸಾಹ, ಹಣ, ಕೀರ್ತಿಗಳು ಹುಡುಕಿದುದನ್ನು ತಲುಪಿಸುವುದಕ್ಕೆ ದೊರೆಯುವುದಿಲ್ಲ. ಹೊಸ ವೈರಾಣುವಿಗೆ ಹೆಸರಿಟ್ಟವನನ್ನು ಜಗತ್ತು ನೆನೆಯುತ್ತದೆ. ಇಪ್ಪತ್ತು ವರುಷ ಒಂದೇ ಹಳ್ಳಿಗೆ ಪ್ರತಿ ಕಾರ್ತಿಕದಲ್ಲಿ ಹೋಗಿ, "ಕಾಡಿಗೆ ಹೋಗುವ ಮುನ್ನ ಎಣ್ಣೆ ಹಚ್ಚಿಕೊಳ್ಳಿ, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ" ಎಂದು ಹೇಳಿದವಳನ್ನು ಯಾರೂ ನೆನೆಯುವುದಿಲ್ಲ. ಶರಣರು ಕಾಯಕದ ಜೊತೆಗೇ ದಾಸೋಹವನ್ನಿಟ್ಟುದು ಈ ಕಾರಣಕ್ಕೆ. ದುಡಿದು ಗಳಿಸಿದುದು ಹಂಚಿದಾಗಲೇ ಪ್ರಸಾದ, ಇಲ್ಲದಿದ್ದರೆ ಬರಿಯ ಸಂಗ್ರಹ. ಧನಕ್ಕೆ ಸಲ್ಲುವ ಈ ಮಾತು ಅರಿವಿಗೂ ಸಲ್ಲುತ್ತದೆ. ಸಮೀಕ್ಷೆ ಕಾಯಕ, ಅದರ ಫಲ ಆ ಕಾಡಿನಂಚಿನ ಜನಕ್ಕೆ ಮುಟ್ಟುವುದು ದಾಸೋಹ. ದಾಸೋಹವಿಲ್ಲದ ಸಮೀಕ್ಷೆಯಲ್ಲಿ ಸತ್ತ ಇಲಿ ವ್ಯರ್ಥವಾಗಿ ಸತ್ತಂತೆ.

ಮೂರನೆಯದು ಸತ್ಯದ ಋಣ. ವಲಸೆ ಹಕ್ಕಿಗಳು ರೋಗ ತರುತ್ತವೆಯೇ ಎಂದು ತಿಳಿಯಲು ನಮ್ಮ ದೇಶದಲ್ಲಿ ನಡೆದ ಹಕ್ಕಿಗಳ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣವೂ ಬಂದಿತ್ತೆಂಬುದು 1970ರ ದಶಕದಲ್ಲಿ ದೊಡ್ಡ ವಿವಾದವಾಯಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ಅಂಥ ವಿದೇಶಿ ಸಹಯೋಗದ ಸಂಶೋಧನೆಗಳನ್ನು ಕಟುವಾಗಿ ಪ್ರಶ್ನಿಸಿತು. ಹಕ್ಕಿಗಳನ್ನು ಅಭ್ಯಸಿಸಿದ ಪ್ರಾಮಾಣಿಕ ವಿದ್ವಾಂಸರಿಗೂ ಅದರಿಂದ ನೋವಾಯಿತು. ರೋಗ ತಡೆಯುವ ಅರಿವೂ ರೋಗ ಹರಡಿಸುವ ಅರಿವೂ ಒಂದೇ ಗಿಡದ ಕೊಂಬೆಗಳಾದುದರಿಂದ ಯಾರ ಹಣ, ಯಾರ ಉದ್ದೇಶ, ಮಾದರಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳುವ ಹಕ್ಕು ಜನಕ್ಕಿದೆ. ತುರುವನೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1939ರಲ್ಲಿ ಆ ಊರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಸತ್ಯಾಗ್ರಹಿ ರಾತ್ರಿ ಕದ್ದು ಕಡಿಯುವವನಲ್ಲ. ಹಗಲಿನಲ್ಲಿ, ಎಲ್ಲರೆದುರು, ಏಕೆ ಕಡಿಯುತ್ತೇನೆಂದು ಹೇಳಿ ಕಡಿದು, ಅದರ ಫಲವನ್ನು ಮೈಮೇಲೆ ತೆಗೆದುಕೊಳ್ಳುವವನು. ಕಾಡಿನಲ್ಲಿ ಬೋನಿಡುವವನಿಗೂ ಅದೇ ಮಾರ್ಗ. ಊರಿನವರಿಗೆ ತಿಳಿಸದೆ ಅವರ ಕಾಡಿನಿಂದ ರಕ್ತ ಕೊಂಡೊಯ್ಯುವುದು, ಕಂಡುದನ್ನು ಅವರಿಗೆ ಅವರ ಭಾಷೆಯಲ್ಲಿ ಹೇಳದಿರುವುದು, ಕಾಣದುದನ್ನು ಹೇಳಿ ಭೀತಿ ಹುಟ್ಟಿಸುವುದು, ಮೂರೂ ಒಂದೇ ದೋಷದ ಮೂರು ಮುಖಗಳು.

ತುರುವನೂರಿನ ಆ ತರುಣನಿಗೆ ನಾವು ಕೆಲಸಕ್ಕೆ ಸೇರಬೇಡವೆನ್ನಲಿಲ್ಲ. ಸೇರಬೇಕಾದವರೇ ಅಂಥವರು, ಯಾವ ತಾಯಿ ಹೀಗೆ ಪ್ರಶ್ನಿಸಿ ಕಳುಹಿಸಿದ್ದಾಳೋ ಅಂಥವರ ಮಕ್ಕಳು. ಆದರೆ ಬೋನು ಎತ್ತಿದ ಪ್ರತಿಯೊಂದು ಬೆಳಗೂ ಮೂರು ಋಣಗಳನ್ನು ಎಣಿಸಿಕೊಳ್ಳಬೇಕೆಂದು ಹೇಳಿದೆವು: ಕೈಯಲ್ಲಿರುವ ಜೀವದ್ದು, ಆ ಕಾಡಿನಂಚಿನ ಜನರದು, ಕಂಡಷ್ಟನ್ನೇ ಹೇಳಬೇಕಾದ ಸತ್ಯದ್ದು.

ಈ ಹೊಣೆ ವಿಜ್ಞಾನಿಗಳದಷ್ಟೇ ಅಲ್ಲ. ಅರಿವು ಮನೆಬಾಗಿಲಿಗೆ ಬಂದಾಗ ಒಳಗೆ ಕರೆದುಕೊಳ್ಳುವುದು ಗೃಹಸ್ಥರ ಪಾಲಿನ ಕಾಯಕ. ದವಸವನ್ನು ಮುಚ್ಚಿಡಿರಿ, ಹಗೇವು ಕಣಜಗಳನ್ನು ಭದ್ರಪಡಿಸಿರಿ. ಬಹುಕಾಲ ಮುಚ್ಚಿದ್ದ ಉಗ್ರಾಣವನ್ನು ತೆರೆದಾಗ ಮೊದಲು ಗಾಳಿಯಾಡಲು ಬಿಟ್ಟು, ಇಲಿಯ ಹಿಕ್ಕೆಯನ್ನು ಒಣದಾಗಿ ಗುಡಿಸದೆ, ನೀರಿನಿಂದಲೋ ಕ್ರಿಮಿನಾಶಕದಿಂದಲೋ ನೆನೆಸಿ ತೆಗೆಯಿರಿ. ಸತ್ತ ಇಲಿಯನ್ನೂ ಸತ್ತ ಮಂಗನನ್ನೂ ಬರಿಗೈಯಲ್ಲಿ ಮುಟ್ಟಬೇಡಿರಿ. ಕಂಡ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿರಿ. ಮಲೆನಾಡಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆ ಸಂಘಗಳಲ್ಲಿ ಮಳೆ ನಿಂತೊಡನೆ ಈ ಮಾತುಗಳನ್ನು ಜನಕ್ಕೆ ಹೇಳುವಂತಾಗಲಿ. ಕ್ಯಾಸನೂರಿನ ಕಾಡಿನಲ್ಲಿ ಹೆಸರಿಲ್ಲದೆ ಸತ್ತ ಇಲಿಗಳ ಸಾಲ ತೀರಬೇಕಾದುದು ಇಂಥ ಸಣ್ಣ ಸಣ್ಣ ಕೆಲಸಗಳಿಂದಲೇ.